ಗೋಡೆಯ ಮೇಲಿನ ಆಕಾಶ

ಅಮೆರಿಕದ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಅಲೆನ್ ಎಂಬವರಿದ್ದರು. ವೃತ್ತಿಯಿಂದ ಛಾಯಾಗ್ರಾಹಕರು. ಮನೆಯ ನೆಲಮಾಳಿಗೆಯಲ್ಲಿ ಅವರು ಕಟ್ಟಿದ ಪುಟ್ಟ ರೈಲುಲೋಕದ ಹೆಸರು ‘ಗೋರೀ ಅಂಡ್ ಡಿಫೀಟೆಡ್’. ಅಲ್ಲಿನ ಅಳತೆ ನಿಜವಾದ ರೈಲಿನ 87ರಲ್ಲಿ ಒಂದು ಭಾಗ.

ಹೊಸದರಂತೆ ಫಳಫಳ ಹೊಳೆಯುವ ಬೋಗಿಗಳಿಗೆ ಅಲೆನ್ ತುಕ್ಕು, ಮಸಿ, ಧೂಳಿನ ಬಣ್ಣ ಬಳಿದರು. ದುಡಿದ ರೈಲು ದುಡಿದಂತೆ ಕಾಣಬೇಕಲ್ಲವೇ! ಹತ್ತಿರದ್ದನ್ನು ದೊಡ್ಡದಾಗಿ, ದೂರದ್ದನ್ನು ಚಿಕ್ಕದಾಗಿ ಮಾಡಿ, ಮಾರುದ್ದದ ಜಾಗದಲ್ಲಿ ಮೈಲುಗಳ ದೂರ ತೋರಿಸಿದರು. ಅಲ್ಲಲ್ಲಿ ಕನ್ನಡಿ ಬಚ್ಚಿಟ್ಟರು. ಕಣಿವೆಗಳು ಕೋಣೆಯ ನೆಲದವರೆಗೂ ಇಳಿಯುತ್ತಿದ್ದವು.

ಈ ಕಲೆಯಲ್ಲಿ ನನಗೆ ಎಲ್ಲಕ್ಕಿಂತ ಮಿಗಿಲೆನಿಸುವುದು ಬೆಳಕಿನ ಕೆಲಸ. ಗೋಡೆಗೆ ಆಕಾಶ ಬರೆದು, ಅದಕ್ಕೆ ತಾಗಿದಂತೆ ಬೆಟ್ಟ ಇಟ್ಟರೆ ಬೆಟ್ಟದ ನೆರಳು ಮೋಡದ ಮೇಲೇ ಬೀಳುತ್ತದೆ. ಅಲ್ಲಿಗೆ ಮಾಯೆ ಮುಗಿಯಿತು. ಅದಕ್ಕೇ ಬೆಟ್ಟಕ್ಕೂ ಗೋಡೆಗೂ ನಡುವೆ ಸಂದು ಬಿಡಬೇಕು, ದೀಪಗಳು ನೋಡುವವರ ಕಣ್ಣಿಗೆ ಬೀಳದಂತೆ ಹಲಗೆಯ ಮರೆಯಲ್ಲಿರಬೇಕು. ಎಲ್ಲ ಕಡೆಯಿಂದಲೂ ಒಂದೇ ಸಮ ಬಿಳಿ ಬೆಳಕು ಬಿದ್ದರೆ ಬಂಡೆಯ ಬಿರುಕು ಮಾಸಿಹೋಗುತ್ತದೆ. ಒಂದು ಬದಿಯಿಂದ ಓರೆಯಾಗಿ ಹಳದಿ ಬೆಳಕು ಬಿಟ್ಟು ನೋಡಿ: ಪ್ಲಾಸ್ಟರಿನ ಬಂಡೆಯಲ್ಲಿ ಬಿರುಕು ಎದ್ದು ಕಾಣುತ್ತದೆ, ಹಳಿಯ ಅಂಚು ಮಿನುಗುತ್ತದೆ, ಬೆರಳುದ್ದದ ನಿಲ್ದಾಣದಲ್ಲಿ ಸಂಜೆಯಾಗುತ್ತದೆ. ಅಲ್ಲಿ ನಿಂತ ಪುಟಾಣಿ ಪ್ರಯಾಣಿಕನಿಗೂ ಉದ್ದನೆಯ ನೆರಳು!

1973ರ ಜನವರಿಯಲ್ಲಿ ಅಲೆನ್ ತೀರಿಕೊಂಡರು. ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಆ ಲೋಕದ ಬಹುಭಾಗ ಸುಟ್ಟುಹೋಯಿತು. ಅವರು ತೆಗೆದ ಫೋಟೋಗಳು ಉಳಿದಿವೆ. ಮಾದರಿ ರೈಲು ಕಟ್ಟುವವರು ಇಂದಿಗೂ ಅವನ್ನು ನೋಡಿ ಕಲಿಯುತ್ತಾರೆ.