ಗಡಿಯ ಗಲಭೆಯೂ ನಮ್ಮ ನಾಟಕವೂ
(ಕುರಕುಂಭದ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಗಡಿಯ ಮಾತೆದ್ದಾಗಲೆಲ್ಲ ಮೊದಲು ಕಲ್ಲು ಬೀಳುವುದು ಹೋಟೆಲಿನ ಗಾಜಿಗೆ. 1969ರ ಫೆಬ್ರವರಿಯಲ್ಲಿ ಮುಂಬಯಿ ಹೊತ್ತಿ ಉರಿಯಿತು. 1986ರ ಜೂನಿನಲ್ಲಿ ಬೆಳಗಾವಿಯ ಕಡೆ ಗೋಲಿಬಾರಿನಲ್ಲಿ ಮರಾಠಿ ಜನ ಸತ್ತರು. 2022ರ ಡಿಸೆಂಬರಿನಲ್ಲಿ ಪುಣೆಯಲ್ಲಿಯೇ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ನಮ್ಮ ಗಾಯ ನಾವು ಹೇಳುತ್ತೇವೆ, ಅವರ ಹೆಣ ಎಣಿಸುವುದಿಲ್ಲ. ಅವರೂ ಹಾಗೆಯೇ.

ಗದಗ ಸೀಮೆಯ ಭೀಮಸೇನ ಜೋಶಿಯವರು ತಮ್ಮ ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಲ್ಲಿ ಪುಣೆಯಲ್ಲಿ ಸಂಗೀತೋತ್ಸವ ಆರಂಭಿಸಿದರು. ಅಭಂಗವನ್ನೂ ದಾಸರ ಪದವನ್ನೂ ಒಂದೇ ಕಂಠದಿಂದ ಹಾಡಿದರು. ಮರಾಠಿ ಸಂಗೀತ ನಾಟಕ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಸರಿಯೇ. ಆದರೆ ಹಾಡಿಗೆ ತಲೆದೂಗಿದವನೇ ಮರುದಿನ ಕಲ್ಲೆತ್ತಬಲ್ಲ. ಬರೀ ಇಂಪು ಸಾಲದು.

ಆದ್ದರಿಂದ ಈ ಸಲ ಪೌರಾಣಿಕ ನಾಟಕ ಬೇಡ. ಕಾರಖಾನೆಯ ಮರಾಠಿ ಗೆಳೆಯರನ್ನು ಕೂಡಿಸಿಕೊಂಡು ಆ ದಿನಗಳನ್ನೇ ಎರಡೂ ಭಾಷೆಯಲ್ಲಿ ಆಡೋಣ. ಏಟು ತಿಂದ ಮಾಣಿಯ ಪಾತ್ರ ಅವರಿಗೆ, ಬೆಳಗಾವಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಪಾತ್ರ ನಮಗೆ. ಸಿಟ್ಟು ಬರುತ್ತದೆ, ಬರಲಿ. ರಾಜ್ಯೋತ್ಸವದಂದು ಬೇಡ, ಗಡಿಯ ಮರಾಠಿಗರು ಅದನ್ನು ಕರಾಳ ದಿನವೆನ್ನುತ್ತಾರೆ. ಮೇ 1 ಆಗಬಹುದು. ಅದು ಮಹಾರಾಷ್ಟ್ರ ದಿನವೂ ಹೌದು, ಕಾರ್ಮಿಕರ ದಿನವೂ ಹೌದು.

ತಾಲೀಮು ಹೋಟೆಲು ಮುಚ್ಚಿದ ಮೇಲೆ, ರಾತ್ರಿ ಹತ್ತೂವರೆಗೆ. ಪಾತ್ರ ಮಾಡುವವರು ಈಗಲೇ ಹೆಸರು ಕೊಡಿ.