ವಿಕಲಚೇತನರಾದ ವಯಸ್ಕರಿಗೆ ಕೃಷಿಶಿಕ್ಷಣ



ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಗನನ್ನುಳ್ಳ ತಂದೆತಾಯಿಗಳನ್ನು ಹಗಲಿರುಳು ಸುಡುವ ಚಿಂತೆಯು ಒಂದೇ: ತಾವು ಕಣ್ಮುಚ್ಚಿದ ಬಳಿಕ ಇವನ ಗತಿಯೇನು? ಇದಕ್ಕೆ ಆಂಗ್ಲದೇಶದ ಹಳ್ಳಿಯೊಂದು ಕೊಟ್ಟ ಉತ್ತರವನ್ನು ತಮ್ಮಲ್ಲಿ ನಿವೇದಿಸುವೆನು.

ವಿಯೆನ್ನಾ ನಗರದ ವೈದ್ಯರಾದ ಕಾರ್ಲ್ ಕೋನಿಗ್ ಎಂಬವರು ಹಿಟ್ಲರನ ಹಾವಳಿಯಿಂದ ದೇಶವನ್ನುಳಿದು ಸಂಗಡಿಗರೊಡನೆ ಸ್ಕಾಟ್ಲೆಂಡನ್ನು ಸೇರಿದರು. 1940ರಲ್ಲಿ ಅಲ್ಲಿಯ ಸರಕಾರವು ಗಂಡಸರನ್ನು ಶತ್ರುದೇಶದವರೆಂದು ಸೆರೆಯಲ್ಲಿಟ್ಟಿರಲು, ಹೆಂಗಸರೇ ಮುಂದಾಗಿ ಕ್ಯಾಂಪ್‌ಹಿಲ್ ಎಂಬಲ್ಲಿ ಮನೆ ಹೂಡಿದರು. ಅಲ್ಲಿ ಇಂತಹ ಮಕ್ಕಳಿಗೆ ಶಾಲೆ ನಡೆಯಿತು. ಮಕ್ಕಳು ಪ್ರಾಯಕ್ಕೆ ಬರಲು, ಮುಂದೇನೆಂಬ ಪ್ರಶ್ನೆಯು ಅಲ್ಲಿಯೂ ಎದುರಾಯಿತು. 1955ರಲ್ಲಿ ಯಾರ್ಕ್‌ಷೈರ್ ಪ್ರಾಂತದ ಬಾಟನ್ನಿನಲ್ಲಿ ವಯಸ್ಕರಿಗೆಂದೇ ಹಳ್ಳಿಯು ಹುಟ್ಟಿತು. ವಿಕಲಚೇತನರೂ ಸಹಾಯಕರೂ ಒಂದೇ ಮನೆಯಲ್ಲಿದ್ದು, ಒಂದೇ ಪಂಕ್ತಿಯಲ್ಲಿ ಉಂಡು, ಹೊಲ, ಕೊಟ್ಟಿಗೆ, ಬೇಕರಿಗಳಲ್ಲಿ ದುಡಿದರು.

ಹಸುವಿಗೆ ಹೊತ್ತಿಗೆ ಸರಿಯಾಗಿ ಮೇವು ಬೇಕು. ಗಡಿಯಾರವನ್ನು ನೋಡಲರಿಯದವನೂ ಅದರ ಕೂಗಿನಿಂದ ಹೊತ್ತನ್ನರಿವನು. ಕೈ ತೊಳೆಯುವುದು, ಕೆಚ್ಚಲು ತೊಳೆಯುವುದು, ಕರೆಯುವುದು, ಅಳೆಯುವುದು, ಹೀಗೆ ಕೆಲಸವನ್ನು ಬಿಡಿಸಿ, ಒಂದು ಕೈಗೂಡಿದ ಮೇಲೆ ಮತ್ತೊಂದನ್ನು ಕಲಿಸತಕ್ಕದ್ದು. ಅಳೆದ ಹಾಲಿನಿಂದ ಎಣಿಕೆ, ಮಾರಿದ ಹಾಲಿನಿಂದ ಹಣದ ಲೆಕ್ಕ. ವರುಷ ಹಿಡಿದರೂ ಹಿಡಿಯಲಿ. ಅವನ ಕೈಯ ತಂಬಿಗೆಯನ್ನು ಕಸಿದು ತಾನೇ ಕರೆದುಬಿಡುವ ಮಮತೆಯುಂಟಲ್ಲ, ಅದೇ ದೊಡ್ಡ ಅಡ್ಡಿ! ತಾಯಂದಿರು ಈ ಮಾತಿಗೆ ಮುನಿಯಬಾರದು.