ಹಳೆಯ ಕಂಪ್ಯೂಟರಿಗೆ ಮೆಮೊರಿ ಕಾರ್ಡ್ ಹಾಕುವ ಮುನ್ನ
(ಕಮ್ಮನಹಳ್ಳಿಯಲ್ಲಿ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಭಾಷಾ ಶಿಕ್ಷಕ, ಕಂಪ್ಯೂಟರ್ ಓದಿದವನಲ್ಲ. ಆದರೂ ಈ ವಿಷಯ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ವಿಂಡೋಸ್ ಎಕ್ಸ್‌ಪಿಯ ಹಳೆಯ ಕಂಪ್ಯೂಟರ್ ಒಂದಿದೆ. ಉರ್ದು ಪ್ರಶ್ನೆಪತ್ರಿಕೆಗೆ ಇನ್‌ಪೇಜ್, ಕನ್ನಡಕ್ಕೆ ನುಡಿ, ಎರಡೂ ಅದರಲ್ಲೇ ಇರುವುದರಿಂದ ಅದನ್ನು ಬಿಡಲಾಗಿಲ್ಲ. ನಮ್ಮ ನಾನಿ ದಖನಿಯಲ್ಲಿ ಹೇಳುತ್ತಿದ್ದ ಕಥೆಗಳನ್ನು ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದೆ. ಅವರು ತೀರಿಕೊಂಡ ಮೇಲೆ ಒಂದು ದಿನ ಆ ಕಾರ್ಡನ್ನು ಈ ಕಂಪ್ಯೂಟರಿಗೆ ಹಾಕಿದೆ. ‘ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಬೇಕೇ?’ ಎಂದು ಇಂಗ್ಲಿಷಿನಲ್ಲಿ ಕೇಳಿತು. ನಾನು ‘ಯೆಸ್’ ಒತ್ತಿಬಿಟ್ಟೆ.

ಕಾರ್ಡ್ ಕೆಟ್ಟಿರಲಿಲ್ಲ. ಅದು 32 ಜಿಬಿ ಕಾರ್ಡ್. ಹಿಂದೊಮ್ಮೆ ಹೊಸ ಲ್ಯಾಪ್‌ಟಾಪಿನಲ್ಲಿ ನಾನೇ ಅದನ್ನು ಎಕ್ಸ್‌ಫ್ಯಾಟ್ ಎಂಬ ಕ್ರಮಕ್ಕೆ ಫಾರ್ಮ್ಯಾಟ್ ಮಾಡಿದ್ದೆ. ಎಕ್ಸ್‌ಪಿಗೆ ಆ ಕ್ರಮ ತಿಳಿಯದು. ಉರ್ದು ಬಾರದವರು ಉರ್ದು ನೋಟ್‌ಬುಕ್ ನೋಡಿ ‘ಇದರಲ್ಲಿ ಏನೂ ಬರೆದಿಲ್ಲವಲ್ಲ, ಒರೆಸಲೇ?’ ಎಂದು ಕೇಳಿದ ಹಾಗೆ. ಆ ಪ್ರಶ್ನೆ ಬಂದಾಗ ‘ನೋ’ ಒತ್ತಿ, ಕಾರ್ಡ್ ತೆಗೆದು, ಹೊಸ ಕಂಪ್ಯೂಟರಿನಲ್ಲಿ ಅಥವಾ ಅದೇ ಮೊಬೈಲಿನಲ್ಲಿ ನೋಡಿರಿ.

ಕಾರ್ಡಿನ ಮೇಲಿನ ಗುರುತನ್ನೂ ಗಮನಿಸಿರಿ. ಬರೀ ಎಸ್‌ಡಿ ಎಂದಿದ್ದರೆ 2 ಜಿಬಿವರೆಗಿನದು. ಎಚ್‌ಸಿ ಎಂದಿದ್ದರೆ 32 ಜಿಬಿವರೆಗಿನದು. ಈ ಬಗೆ 2006ರಲ್ಲಿ ಬಂದದ್ದರಿಂದ ಅದಕ್ಕೂ ಹಿಂದಿನ ಕಾರ್ಡ್ ರೀಡರುಗಳು ಇದನ್ನು ಓದುವುದಿಲ್ಲ. ಅಂಥಲ್ಲಿ ಕಂಪ್ಯೂಟರ್ ಬದಲಿಸಬೇಕಾಗಿಲ್ಲ, ಎಸ್.ಪಿ. ರಸ್ತೆಯಲ್ಲಿ ಒಂದು ಹೊಸ ಯುಎಸ್‌ಬಿ ರೀಡರ್ ಕೊಂಡರೆ ಸಾಕು. ಎಕ್ಸ್‌ಸಿ ಎಂದಿದ್ದರೆ 32 ಜಿಬಿಗಿಂತ ದೊಡ್ಡದು, ಎಕ್ಸ್‌ಫ್ಯಾಟ್‌ನಲ್ಲೇ ಬರುತ್ತದೆ. ಎಕ್ಸ್‌ಪಿಗೆ ಅದನ್ನು ಕಲಿಸುವ ಕೆಬಿ 955704 ಎಂಬ ಅಪ್‌ಡೇಟನ್ನು ಮೈಕ್ರೋಸಾಫ್ಟ್ 2009ರಲ್ಲಿ ಕೊಟ್ಟಿತ್ತು. ಸಿಗದಿದ್ದರೆ ಚಿಂತೆ ಬೇಡ. ಹೊಸ ಕಂಪ್ಯೂಟರಿನಲ್ಲಿ ಬೇಕಾದ ಫೈಲುಗಳನ್ನು ಫ್ಯಾಟ್32 ಕ್ರಮದ ಚಿಕ್ಕ ಕಾರ್ಡಿಗೆ ಕಾಪಿ ಮಾಡಿ ತನ್ನಿರಿ. ಒಂದೊಂದು ಫೈಲೂ 4 ಜಿಬಿಗಿಂತ ಕಡಿಮೆ ಇರಬೇಕು, ಅಷ್ಟೆ. (ವಿಂಡೋಸ್ 98 ಇಟ್ಟುಕೊಂಡವರು ಇಲ್ಲಿ ಯಾರೂ ಇರಲಾರರು, ಇದ್ದರೆ, ಅದಕ್ಕೆ ರೀಡರಿನ ಡ್ರೈವರನ್ನೇ ಬೇರೆಯಾಗಿ ಹಾಕಬೇಕು.)

ಆಂಡ್ರಾಯ್ಡ್ ಮೊಬೈಲಿನಲ್ಲಿ ಕಾರ್ಡನ್ನು ‘ಇಂಟರ್ನಲ್ ಸ್ಟೋರೇಜ್’ ಆಗಿ ಮಾಡಿಕೊಂಡಿದ್ದರೆ ಅದು ಯಾವ ಕಂಪ್ಯೂಟರಿನಲ್ಲೂ ತೆರೆಯುವುದಿಲ್ಲ. ಅದಕ್ಕೆ ಬೀಗ ಬಿದ್ದಿರುತ್ತದೆ, ಕೀಲಿ ಆ ಮೊಬೈಲಿನಲ್ಲೇ ಇರುತ್ತದೆ. ಅಂಥ ಕಾರ್ಡಿನ ಫೈಲುಗಳನ್ನು ಮೊಬೈಲಿಗೆ ಕೇಬಲ್ ಹಾಕಿಯೇ ತೆಗೆಯಬೇಕು. ಇನ್ನು, ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ರಕ್ಷಣೆ 2014ರ ಏಪ್ರಿಲ್ 8ಕ್ಕೇ ನಿಂತಿದೆ. ಆ ಕಂಪ್ಯೂಟರಿಗೆ ಇಂಟರ್‌ನೆಟ್ ಕೊಡಬೇಡಿರಿ.

ನನ್ನಂತೆ ‘ಯೆಸ್’ ಒತ್ತಿಬಿಟ್ಟವರು ಏನು ಮಾಡಬೇಕು? ಆ ಕಾರ್ಡನ್ನು ಮತ್ತೆ ಮುಟ್ಟಬಾರದು. ಎಕ್ಸ್‌ಪಿಯ ಫಾರ್ಮ್ಯಾಟ್ ಫೈಲುಗಳ ಪಟ್ಟಿಯನ್ನಷ್ಟೇ ಅಳಿಸುತ್ತದೆ; ಒಳಗಿನದು ಅದರ ಮೇಲೆ ಹೊಸದು ಬೀಳುವವರೆಗೆ ಉಳಿದಿರುತ್ತದೆ. ರಿಕವರಿ ಸಾಫ್ಟ್‌ವೇರಿನಿಂದ ತೆಗೆಯಬಹುದು. ವಿಸ್ತಾದಿಂದ ಈಚಿನ ವಿಂಡೋಸ್‌ನಲ್ಲಾದರೋ, ‘ಕ್ವಿಕ್’ ಅಲ್ಲದ ಫಾರ್ಮ್ಯಾಟ್ ಎಲ್ಲವನ್ನೂ ಒರೆಸಿಬಿಡುತ್ತದೆ.

ನನಗೆ ಇದು ಆಗ ತಿಳಿದಿರಲಿಲ್ಲ. ಖಾಲಿಯಾಯಿತಲ್ಲ ಎಂದು ಅದೇ ಕಾರ್ಡಿಗೆ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನೂ ಶಾಲಾ ವಾರ್ಷಿಕೋತ್ಸವದ ವಿಡಿಯೋಗಳನ್ನೂ ತುಂಬಿದ್ದೆ. ಹನ್ನೊಂದು ಕಥೆಗಳಲ್ಲಿ ಒಂದು ಪೂರ್ತಿ ಸಿಕ್ಕಿತು. ಇನ್ನೊಂದು, ರಾಜಕುಮಾರ ಬಾವಿಗೆ ಇಳಿಯುವಲ್ಲಿಗೆ ನಿಲ್ಲುತ್ತದೆ.